ಕೆರೆಯ ಮಾತು ಕೇಳಿದ ರಾಜಧಾನಿ

ಶುಕ್ರವಾರ

ಜನವರಿಯಲ್ಲಿ ಬೀಜಿಂಗ್‌ಗೆ ಹೋಗುತ್ತೇನೆಂದಾಗ ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಹೋಗುವುದಾದರೆ ಸೆಪ್ಟೆಂಬರಿನಲ್ಲಿ ಹೋಗಬೇಕು, ಇಲ್ಲವೆ ಏಪ್ರಿಲಿನಲ್ಲಿ. ಪ್ರವಾಸಿಗರಿಗೆಲ್ಲ ಗೊತ್ತಿರುವ ವಿಷಯವಿದು. ಆದರೆ ನನಗೆ ಬೇಕಿದ್ದುದು ಹೆಪ್ಪುಗಟ್ಟಿದ ಕೆರೆ. ನೀರಾವರಿ ಇಲಾಖೆಯಲ್ಲಿ ಸೇವೆ ಮುಗಿಸಿದವನು ನಾನು. ತುಂಬಿದ ಕೆರೆ, ಏರಿ ಒಡೆದ ಕೆರೆ, ಒತ್ತುವರಿಯಾದ ಕೆರೆ, ಕಡತದಲ್ಲಿ ಮಾತ್ರ ಉಳಿದ ಕೆರೆ, ಇಷ್ಟನ್ನೂ ಕಂಡಿದ್ದೇನೆ. ಮೇಲೆ ನಡೆದು ದಾಟಬಹುದಾದ ಕೆರೆಯನ್ನು ಕಂಡಿರಲಿಲ್ಲ.

ಅಕ್ಕನ ಮಗ ಅಲ್ಲಿ ಚೀನೀ ಭಾಷೆ ಕಲಿಯುತ್ತಿದ್ದಾನೆ. ನನಗಾಗಿ ಅವನು ಕೋಣೆ ಹಿಡಿದಿದ್ದು ನಗಾರಿ ಗೋಪುರದ ಹಿಂದಿನ ಹುಟಾಂಗ್ ಒಂದರಲ್ಲಿ. ಬೂದು ಇಟ್ಟಿಗೆಯ ಗೋಡೆಗಳ ನಡುವಿನ ಹಳೆಯ ಓಣಿಗಳಿಗೆ ಅಲ್ಲಿ ಹಾಗೆನ್ನುತ್ತಾರೆ. ಸಿಂಗಪುರದಲ್ಲಿ ವಿಮಾನ ಬದಲಿಸಿ, ಮೆಟ್ರೊದಲ್ಲಿ ನಿಂತು, ಪೆಟ್ಟಿಗೆ ಎಳೆದುಕೊಂಡು ಓಣಿ ಸೇರುವಷ್ಟರಲ್ಲಿ ಕತ್ತಲಾಗಿ ಬಹಳ ಹೊತ್ತಾಗಿತ್ತು. ಮಂಜಿಲ್ಲ, ಹಿಮವಿಲ್ಲ, ಬರೀ ಒಣ ಚಳಿ. ಬಾಗಿಲಿನ ಹಿಡಿ ಮುಟ್ಟಿದರೆ ಚುರುಕ್ಕೆಂದು ವಿದ್ಯುತ್ತು ಹೊಡೆಯುವಷ್ಟು ಒಣ.

ಹಿಂದೆ ಈ ಮನೆಗಳಲ್ಲಿ ತೂತು ತೂತಿನ ಕಲ್ಲಿದ್ದಲ ಬಿಲ್ಲೆಗಳನ್ನು ಉರಿಸಿ ಚಳಿ ಕಾಯಿಸಿಕೊಳ್ಳುತ್ತಿದ್ದರಂತೆ. ಹೊಗೆಗೆ ಊರೇ ಕಪ್ಪಾಗುತ್ತಿತ್ತು. ಈಗ ಹಳೆಯ ನಗರದಲ್ಲೆಲ್ಲ ವಿದ್ಯುತ್ ಹೀಟರುಗಳು ಬಂದಿವೆ. ಶೌಚಾಲಯ ಮಾತ್ರ ಬಹಳಷ್ಟು ಮನೆಗಳಿಗೆ ಇಂದಿಗೂ ಓಣಿಯ ತುದಿಯ ಸಾರ್ವಜನಿಕ ಶೌಚಾಲಯವೇ. ನಮ್ಮ ವಸತಿಗೃಹದಲ್ಲಿ ಒಳಗೇ ಇತ್ತು. ಅಳಿಯನಿಗೆ ಮನಸಾರೆ ಆಶೀರ್ವಾದ ಮಾಡಿ ಮಲಗಿದೆ.

ಶನಿವಾರ

ಬೆಳಗ್ಗೆ ಎದ್ದದ್ದೇ ತಡವಾಗಿ. ತಿಂಡಿಗೆ ಕೆಳಗಿನ ಅಂಗಡಿಯಲ್ಲಿ ಹೆಸರುಕಾಳಿನ ಹುಳಿ ಬರಿಸಿದ ಗಂಜಿ ಸಿಕ್ಕಿತು. ಬೀಜಿಂಗ್‌ನ ಹಳಬರು ಅದಕ್ಕೆ ಪ್ರಾಣ ಬಿಡುತ್ತಾರೆ. ನಾನು ಎರಡು ಗುಟುಕಿಗೇ ಬಟ್ಟಲು ಕೆಳಗಿಟ್ಟೆ. ಅಂಗಡಿಯಾಕೆ ನಕ್ಕಳು, ಅವಳಿಗೆ ಇದು ಹೊಸತಲ್ಲ.

ಸುತ್ತಾಟ ಶುರುವಾಗಿದ್ದು ಹನ್ನೆರಡರ ಹೊತ್ತಿಗೆ. ಮೊದಲು ನಗಾರಿ ಗೋಪುರ ಹತ್ತೋಣವೆಂದು ಹಟ ಹಿಡಿದವನು ನಾನೇ. ಒಂದು ಊರಿನ ನೀರಿನ ಲೆಕ್ಕ ತಿಳಿಯಬೇಕಾದರೆ ಎತ್ತರದಲ್ಲಿ ನಿಂತು ನೋಡಬೇಕು; ಸರ್ವೆ ಮಾಡುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಕಡಿದಾದ 69 ಮೆಟ್ಟಿಲುಗಳು. ಮೇಲಿನ ಜಗಲಿಗೆ ಬಂದಾಗ ವಾಯವ್ಯದ ಗಾಳಿ ಕಿವಿ ಕೊಯ್ಯುವಂತಿತ್ತು, ಆದರೆ ಆಕಾಶ ತೊಳೆದಿಟ್ಟ ನೀಲಿ. ದಕ್ಷಿಣಕ್ಕೆ ನೇರ ರಸ್ತೆ, ಅದರ ತುದಿಯಲ್ಲಿ ಜಿಂಗ್‌ಶಾನ್ ಗುಡ್ಡ, ಗುಡ್ಡದ ನೆತ್ತಿಯ ಮಂಟಪ. ಅದರಾಚೆಗೆ ಅದೇ ಗೆರೆಯಲ್ಲಿ ಅರಮನೆ. ಪಶ್ಚಿಮಕ್ಕೆ ಬೂದು ಹೆಂಚಿನ ಮಾಡುಗಳ ನಡುವೆ ಬೆಳ್ಳಗೆ ಹೊಳೆಯುವ ಉದ್ದನೆಯ ಬಯಲು. ಅದೇ ಶಿಚಾಹೈ. ಒಂದರ ಬೆನ್ನಿಗೆ ಒಂದು ಮೂರು ಕೆರೆಗಳು: ಚಿಯೆನ್‌ಹೈ, ಹೌಹೈ, ಶೀಹೈ. ಮೂರೂ ಪೂರ್ತಿ ಹೆಪ್ಪುಗಟ್ಟಿದ್ದವು.

ಈ ಊರಿನ ಕತೆಯಲ್ಲಿ ನನ್ನನ್ನು ಇಲ್ಲಿಯವರೆಗೆ ಎಳೆದು ತಂದ ಸಂಗತಿ ಇದು. 1267ರಲ್ಲಿ ಮಂಗೋಲ ಚಕ್ರವರ್ತಿ ಕುಬ್ಲಾಯ್ ಖಾನ್ ಇಲ್ಲಿ ಹೊಸ ರಾಜಧಾನಿ ಕಟ್ಟಿಸಲು ಹೊರಟಾಗ ಅವನ ನಗರ ಯೋಜಕ ಲಿಯು ಬಿಂಗ್‌ಝೋಂಗ್ ಮೊದಲು ಅರಮನೆಯ ಜಾಗ ಗುರುತಿಸಿ, ಆಮೇಲೆ ಕೆರೆಯನ್ನು ಏನು ಮಾಡುವುದೆಂದು ತಲೆ ಕೆರೆದುಕೊಳ್ಳಲಿಲ್ಲ. ಮೊದಲು ನೋಡಿದ್ದು ಕೆರೆಯನ್ನು. ಅದರ ಪೂರ್ವ ದಂಡೆಗೆ ತಾಗಿಕೊಂಡು ಹೋಗುವಂತೆ ಉತ್ತರ ದಕ್ಷಿಣದ ಗೆರೆ ಎಳೆದ. ಅರಮನೆ ಆ ಗೆರೆಯ ಮೇಲೆ ಬಂತು. ಕೆರೆ ಎಷ್ಟು ಅಗಲವಿತ್ತೋ ಅದನ್ನು ಒಳಗೊಳ್ಳುವಷ್ಟು ದೂರಕ್ಕೆ ಪಶ್ಚಿಮದ ಕೋಟೆ ಗೋಡೆ ಹೋಯಿತು. ಇದನ್ನು ನಕ್ಷೆಯ ಮೇಲೆ ಬಿಡಿಸಿ ತೋರಿಸಿದವರು ಹೌ ರೆನ್‌ಝಿ ಎಂಬ ಐತಿಹಾಸಿಕ ಭೂಗೋಳ ಶಾಸ್ತ್ರಜ್ಞ. 2024ರ ಜುಲೈಯಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ 7.8 ಕಿಲೋಮೀಟರ್ ಉದ್ದದ ಬೀಜಿಂಗ್ ಮಧ್ಯರೇಖೆ ಎಲ್ಲಿ ಹಾದುಹೋಗಬೇಕೆಂದು ತೀರ್ಮಾನಿಸಿದ್ದು ಒಂದು ಕೆರೆಯ ಅಂಚು.

ಇದೇ ಹೌ ರೆನ್‌ಝಿ ಇನ್ನೊಂದು ಕೆಲಸ ಮಾಡಿದರು. ಬೀಜಿಂಗ್‌ನ ಪಶ್ಚಿಮ ರೈಲು ನಿಲ್ದಾಣಕ್ಕೆ ಜಾಗ ಹುಡುಕುವಾಗ ಬತ್ತಿ ಬರಿದಾಗಿದ್ದ ತಾವರೆ ಕೊಳವೊಂದರ ಅಂಗಳದಲ್ಲೇ ಕಟ್ಟಬಹುದೆಂಬ ಸಲಹೆ ಬಂದಿತ್ತು. ಈ ಊರು ಹುಟ್ಟಿದ್ದೇ ಆ ಕೊಳದ ನೀರಿನಿಂದ, ಅದನ್ನು ಮುಚ್ಚಬೇಡಿ ಎಂದು ಅವರು ವಾದಿಸಿದರು. ನಿಲ್ದಾಣ ತುಸು ಪಕ್ಕಕ್ಕೆ ಸರಿಯಿತು. ಕೊಳಕ್ಕೆ ಮತ್ತೆ ನೀರು ಬಂತು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವನ್ನೂ ಸಂಪಂಗಿ ಕೆರೆಯ ಅಂಗಳದಲ್ಲಿ ಕ್ರೀಡಾಂಗಣವನ್ನೂ ಕಟ್ಟಿಕೊಂಡ ಊರಿನಿಂದ ಹೋದವನಿಗೆ ಈ ಕತೆ ಹೇಗೆ ಕೇಳಿಸೀತು? ಹಾಗೆಂದು ಇವರು ಕೆರೆ ಮುಚ್ಚಿಯೇ ಇಲ್ಲವೆಂದಲ್ಲ. ಕುಬ್ಲಾಯ್ ಕಾಲದ ಕೆರೆ ಈಗಿನದಕ್ಕಿಂತ ಬಹಳ ದೊಡ್ಡದಿತ್ತು. ಉಳಿದದ್ದನ್ನು ಮೂರು ತುಂಡಾಗಿ ನಾವು ನೋಡುತ್ತಿದ್ದೇವೆ.

ಗೋಪುರದ ಒಳಗೆ ನಗಾರಿಗಳಿವೆ. ಹೊಸದಾಗಿ ಮಾಡಿಸಿದವು ಸಾಲಾಗಿ ನಿಂತಿದ್ದರೆ, ಹಳೆಯ ದೊಡ್ಡ ನಗಾರಿ ಒಂದೇ ಒಂದು ಉಳಿದಿದೆ. ಅದರ ಚರ್ಮ ಸೀಳಿಹೋಗಿದೆ. 1900ರಲ್ಲಿ ಬ್ರಿಟನ್, ಜಪಾನ್ ಮುಂತಾದ ಎಂಟು ರಾಷ್ಟ್ರಗಳ ಸೇನೆ ನಗರಕ್ಕೆ ನುಗ್ಗಿದಾಗ ಸೈನಿಕರು ಕತ್ತಿಯಿಂದ ಸೀಳಿದ್ದು ಎಂದು ಫಲಕ ಹೇಳುತ್ತದೆ. ಫಲಕ ಹೇಳದ ಮಾತೊಂದಿದೆ: ಆ ಎಂಟರಲ್ಲಿ ಬ್ರಿಟಿಷರ ಪಾಲಿನ ಸೈನ್ಯದಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದವರು ರಜಪೂತರು, ಸಿಖ್ಖರು. ಅದಕ್ಕೂ ಮೊದಲು, 1860ರಲ್ಲಿ ಬ್ರಿಟಿಷರು ಇದೇ ನಗರಕ್ಕೆ ದಂಡೆತ್ತಿ ಬಂದಾಗ ಜೊತೆಯಲ್ಲಿದ್ದವರು ಮದ್ರಾಸ್ ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರುಗಳ ದಳ. ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲೇ ಇಂದಿಗೂ ಅವರ ಕೇಂದ್ರವಿದೆ. ಅವರ ಯುದ್ಧ ಗೌರವಗಳ ಪಟ್ಟಿಯಲ್ಲಿ ಪೀಕಿಂಗ್, ಅಂದರೆ ಬೀಜಿಂಗ್, ಹೆಸರೂ ಇದೆ. ನಾನು ಎಷ್ಟೋ ಸಲ ಆ ಗೋಡೆಯ ಪಕ್ಕ ಸ್ಕೂಟರಿನಲ್ಲಿ ಹೋಗಿದ್ದೇನೆ.

ಇಲ್ಲಿ ಸಂಜೆಗೂ ಮುಂಜಾವಿಗೂ 108 ಪೆಟ್ಟು ಬಾರಿಸುತ್ತಿದ್ದರು: 18 ವೇಗವಾಗಿ, 18 ನಿಧಾನವಾಗಿ, ಹೀಗೆ ಮೂರು ಸುತ್ತು. ಜಪಸರ ನೆನಪಾಯಿತೆ? ಅವರ ಲೆಕ್ಕ ಬೇರೆ. ವರ್ಷದ 12 ತಿಂಗಳು, 24 ಋತುಘಟ್ಟಗಳು, ಐದೈದು ದಿನದ 72 ತುಂಡುಗಳು, ಒಟ್ಟು 108. 1924ರಲ್ಲಿ ಕೊನೆಯ ಚಕ್ರವರ್ತಿ ಪುಯಿಯನ್ನು ಅರಮನೆಯಿಂದ ಹೊರಗಟ್ಟಿದ ಮೇಲೆ ಊರಿಗೆ ಹೊತ್ತು ಹೇಳುವ ಈ ಕೆಲಸವೂ ನಿಂತಿತು. ಹಿಂದಿನ ಗಂಟೆ ಗೋಪುರದಲ್ಲಿ 63 ಟನ್ ತೂಕದ ಕಂಚಿನ ಗಂಟೆಯಿದೆ. ಎಷ್ಟು ಸಲ ಎರಕ ಹೊಯ್ದರೂ ಗಂಟೆ ಸರಿಬರದೆ ಹೋದಾಗ ಎರಕದವನ ಮಗಳು ಕುಲುಮೆಗೆ ಹಾರಿದಳೆಂದು ಜನ ಹೇಳುತ್ತಾರೆ. ಕೆರೆಯಲ್ಲಿ ನೀರು ನಿಲ್ಲಲೆಂದು ಕಿರಿಸೊಸೆಯನ್ನು ಬಲಿಕೊಟ್ಟ ಹಾಡು ಕೇಳಿ ಬೆಳೆದ ನಮಗೆ ಇದರ ಅಂತ್ಯ ಮೊದಲೇ ಗೊತ್ತು. ಎರಡು ದೇಶಗಳಲ್ಲೂ ಕಾಮಗಾರಿ ಕೆಟ್ಟಾಗ ಯಾವುದೋ ಹುಡುಗಿಯ ತಲೆಗೇ ಬರುತ್ತದೆ.

ಕೆಳಗಿಳಿದು ದಕ್ಷಿಣಕ್ಕೆ ನಡೆದರೆ ವಾನ್‌ನಿಂಗ್ ಸೇತುವೆ. ನೋಡಿದ ತಕ್ಷಣ ಸೇತುವೆ ಎನಿಸುವುದಿಲ್ಲ. ರಸ್ತೆ ಸ್ವಲ್ಪ ಉಬ್ಬಿದೆ, ಎರಡೂ ಕಡೆ ಬಿಳಿ ಕಲ್ಲಿನ ಕಟಾಂಜನ, ಅಷ್ಟೆ. ಮೇಲೆ ಬಸ್ಸುಗಳು ಹೋಗುತ್ತಿವೆ. 1285ರಲ್ಲಿ ಕಟ್ಟಿದ ಸೇತುವೆ ಇದು. ಮೊದಲು ಮರದ್ದು, ಆಮೇಲೆ ಕಲ್ಲಿನದು. ಏಳು ಶತಮಾನ ದಾಟಿದರೂ ರಜೆಯಿಲ್ಲ. ದಂಡೆಯ ಕಲ್ಲುಗಳ ಮೇಲೆ ನೀರಿನತ್ತ ಕತ್ತು ಚಾಚಿ ಮಲಗಿರುವ ಕಲ್ಲಿನ ಜಲಮೃಗಗಳಿವೆ, ಪ್ರವಾಹ ಕಾಯಲು. ನಾನು ಅವುಗಳಿಗಿಂತ ಹೆಚ್ಚು ಹೊತ್ತು ನೋಡಿದ್ದು ಸೇತುವೆಯ ಪಶ್ಚಿಮಕ್ಕೆ ಎರಡು ದಂಡೆಗಳ ಕಲ್ಲಿನಲ್ಲಿ ಎದುರುಬದುರಾಗಿ ಕಡೆದಿರುವ ಉದ್ದನೆಯ ಕಚ್ಚುಗಳನ್ನು.

"ಮಾವ, ಎಲ್ಲರೂ ಮೃಗದ ಫೋಟೊ ತೆಗೆಯುತ್ತಾರೆ. ನೀವು ಗೋಡೆಯ ಫೋಟೊ ತೆಗೆಯುತ್ತಿದ್ದೀರಿ," ಎಂದ ಅಳಿಯ.

"ಅದು ಗೋಡೆಯಲ್ಲ, ತೂಬು," ಎಂದೆ.

ಆ ಕಚ್ಚಿನೊಳಗೆ ಮರದ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿದರೆ ನೀರು ನಿಲ್ಲುತ್ತದೆ, ಎತ್ತಿದರೆ ಹರಿಯುತ್ತದೆ. ಇದು ಹಡಗು ಹತ್ತಿಸುವ ಕಾಲುವೆಯ ಕೊನೆಯ ಬಾಗಿಲುಗಳಲ್ಲಿ ಒಂದು. ದಕ್ಷಿಣ ಚೀನಾದ ಭತ್ತದ ನಾಡಿನಿಂದ ರಾಜಧಾನಿಗೆ ತೆರಿಗೆಯ ಅಕ್ಕಿ ಮಹಾ ಕಾಲುವೆಯಲ್ಲಿ ದೋಣಿಯ ಮೇಲೆ ಬರುತ್ತಿತ್ತು, ಆದರೆ ತೋಂಗ್‌ಝೌವರೆಗೆ ಮಾತ್ರ. ಅಲ್ಲಿಂದ ಊರಿಗೆ ಸುಮಾರು 20 ಮೀಟರ್ ಏರು. ಉಳಿದ ದಾರಿ ಕತ್ತೆಗಳ ಬೆನ್ನ ಮೇಲೆ. ಶರತ್ಕಾಲದ ಮಳೆಯ ಕೆಸರಿನಲ್ಲಿ ಲೆಕ್ಕವಿಲ್ಲದಷ್ಟು ಕತ್ತೆಗಳು ಸಾಯುತ್ತಿದ್ದವೆಂದು ಕುಬ್ಲಾಯ್‌ನ ಯುವಾನ್ ವಂಶದ ಇತಿಹಾಸದಲ್ಲೇ ಬರೆದಿದೆ. 1292ರಲ್ಲಿ ಗುವೊ ಶೌಜಿಂಗ್ ಎಂಬ ಎಂಜಿನಿಯರ್ ಕೆಲಸ ಶುರುಮಾಡಿದ. ಸುಮಾರು ಹತ್ತು ಲೀ ದೂರಕ್ಕೊಂದು ಬಾಗಿಲು, ಅದರಿಂದ ಒಂದು ಲೀ ದೂರದಲ್ಲಿ ಇನ್ನೊಂದು; ಲೀ ಎಂದರೆ ಸರಿಸುಮಾರು ಅರ್ಧ ಕಿಲೋಮೀಟರ್. ಒಂದು ಮುಚ್ಚಿ ಒಂದು ತೆರೆದು ನೀರನ್ನೂ ದೋಣಿಯನ್ನೂ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುವ ಏರ್ಪಾಡು. 11 ಕಡೆ ಒಟ್ಟು 24 ಬಾಗಿಲುಗಳು. 1293ರಲ್ಲಿ ಕೆಲಸ ಮುಗಿಯಿತು. ಬೇಸಿಗೆಯ ರಾಜಧಾನಿಯಿಂದ ಮರಳಿದ ಕುಬ್ಲಾಯ್ ಕೆರೆಯ ನೀರೇ ಕಾಣದಷ್ಟು ದೋಣಿಗಳು ಕಿಕ್ಕಿರಿದಿದ್ದನ್ನು ಕಂಡು ಹಿಗ್ಗಿದನಂತೆ. ಸೇವೆಯುದ್ದಕ್ಕೂ ತೋಡಿದ ಪ್ರತಿ ಘನಮೀಟರ್ ಮಣ್ಣಿಗೆ ಅಳತೆ ಪುಸ್ತಕದಲ್ಲಿ ಸಹಿ ಹಾಕಿದವನು ನಾನು. ಒಂದೇ ವರ್ಷದಲ್ಲಿ ಮುಗಿದ ಕಾಲುವೆ ಎಂದರೆ ಯಾರ ಮೇಲಾದರೂ ವಿಚಾರಣೆ ನಡೆದಿರಬೇಕು ಎಂದೇ ಮೊದಲು ತೋಚುತ್ತದೆ.

ಆ ದೋಣಿಗಳು ಬಂದು ನಿಲ್ಲುತ್ತಿದ್ದ ಬಂದರಿನ ದಕ್ಷಿಣ ಭಾಗವೇ ಚಿಯೆನ್‌ಹೈ. ಈಗ ಅದರ ಮೇಲೆ ಅರ್ಧ ಬೀಜಿಂಗ್ ಜಾರುತ್ತಿತ್ತು.

ಬೇಲಿ ಕಟ್ಟಿದ ಭಾಗಕ್ಕೆ ಟಿಕೆಟ್ ಪಡೆದು ಇಳಿಯಬೇಕು. ಮಂಜುಗಡ್ಡೆ 15 ಸೆಂಟಿಮೀಟರ್ ದಪ್ಪವಾಗುವ ತನಕ ಜನರನ್ನು ಬಿಡುವುದಿಲ್ಲವೆಂದು ಅಳಿಯ ಸಮಾಧಾನ ಹೇಳಿದ. ಸಮಾಧಾನವಾಗಲಿಲ್ಲ. ಮೊದಲ ಹೆಜ್ಜೆ ಇಟ್ಟಾಗ ಕಾಲಿನಡಿಯಲ್ಲಿ ಎಲ್ಲೋ ಆಳದಿಂದ 'ಡೊಂಯ್' ಎಂಬ ಸದ್ದು ಬಂತು. ಸುತ್ತಲಿನ ಯಾರೂ ತಲೆಯೆತ್ತಲಿಲ್ಲ. ಚಳಿಗೆ ಮಂಜುಗಡ್ಡೆ ಹಿಗ್ಗಿ ಕುಗ್ಗುವ ಸದ್ದದು, ಸಾಮಾನ್ಯ. ಚಳಿಗಾಲದ ಅಯನದಿಂದ ಒಂಬತ್ತೊಂಬತ್ತು ದಿನಗಳ ಗುಂಪು ಮಾಡಿ ಎಣಿಸುವುದು ಉತ್ತರ ಚೀನಾದ ರೂಢಿ. ಮೂರನೆಯ, ನಾಲ್ಕನೆಯ ಒಂಬತ್ತರಲ್ಲಿ ಮಂಜಿನ ಮೇಲೆ ನಡೆ ಎಂದು ಮಕ್ಕಳ ಪದವಿದೆ. ನಾವು ಮೂರನೆಯ ಒಂಬತ್ತರಲ್ಲಿದ್ದೆವು. ಪಂಚಾಂಗ ಒಪ್ಪಿದ ಮೇಲೆ ಎಂಜಿನಿಯರ್ ಏನು ಹೇಳುವುದು?

ನಿಂತು ಜಾರುವ ವಯಸ್ಸು ನನ್ನದಲ್ಲ. ಅದಕ್ಕೇ ಕುಳಿತು ಜಾರುವ ಬಂಡಿಗಳಿವೆ. ನಮ್ಮ ಊಟದ ಮಣೆಗೆ ಬೆನ್ನೊರಗು ಸೇರಿಸಿ, ಅಡಿಗೆ ಎರಡು ಕಬ್ಬಿಣದ ಪಟ್ಟಿ ಬಡಿದಂತೆ. ಎರಡು ಕೈಗೆ ಎರಡು ಮೊನೆಯ ಸಲಾಕೆ ಕೊಡುತ್ತಾರೆ, ಮಂಜನ್ನು ಚುಚ್ಚಿ ಹಿಂದಕ್ಕೆ ತಳ್ಳಿದರೆ ಬಂಡಿ ಮುಂದಕ್ಕೆ. ನಾಲ್ಕು ತಳ್ಳಿಗೆ ನಾನು ಹದಿನೈದು ಮೀಟರ್ ಹೋಗಿ, ತಾತ ಮೊಮ್ಮಗಳು ಇಬ್ಬರೂ ಕುಳಿತಿದ್ದ ಬಂಡಿಗೆ ಹಗುರವಾಗಿ ಡಿಕ್ಕಿ ಹೊಡೆದು ನಿಂತೆ. ತಾತ ತಲೆದೂಗಿ, ಸಲಾಕೆ ಹಿಡಿಯುವ ಬಗೆಯನ್ನು ತನ್ನ ಕೈಯಿಂದ ತೋರಿಸಿಕೊಟ್ಟರು: ಎರಡೂ ಒಟ್ಟಿಗೆ, ಮೊಣಕಾಲಿನ ಹಿಂದೆ, ಗಿಡ್ಡಗೆ. ಆಮೇಲೆ ನನ್ನನ್ನು ತಡೆಯುವವರಿರಲಿಲ್ಲ. ಅಳಿಯ ಜಾರುಬೂಟು ಕಟ್ಟಿಕೊಂಡು ಬಿದ್ದೇಳುತ್ತಿದ್ದರೆ ನಾನು ಕೆರೆಯ ಒಂದು ದಂಡೆಯಿಂದ ಇನ್ನೊಂದು ದಂಡೆಗೆ ಹೋಗಿಬಂದೆ. ಕೆರೆಯ ನಡುವೆ ನಿಲ್ಲಿಸಿ ಸುತ್ತ ನೋಡಿದೆ. ಜೀವನವಿಡೀ ಏರಿಯ ಮೇಲಿನಿಂದ ಕೆರೆ ನೋಡಿದವನಿಗೆ ಕೆರೆಯ ನಡುವಿನಿಂದ ಏರಿ ನೋಡುವ ಸುಖವೇ ಬೇರೆ.

ರೆಫ್ರಿಜರೇಟರ್ ಇಲ್ಲದ ಕಾಲದಲ್ಲಿ ಇದೇ ಮಂಜುಗಡ್ಡೆಯನ್ನು ಕೊರೆದು ನೆಲಮಾಳಿಗೆಗಳಲ್ಲಿ ಕೂಡಿಟ್ಟು ಬೇಸಿಗೆಗೆ ಬಳಸುತ್ತಿದ್ದರು. ಕೆರೆಯೊಂದು ವರ್ಷಕ್ಕೆರಡು ಬೆಳೆ ಕೊಟ್ಟಂತಾಯಿತು.

ದಂಡೆ ಹತ್ತಿದಾಗ ಹಸಿವು. ಮಾಂಸದ ಊರಿನಲ್ಲಿ ಸಸ್ಯಾಹಾರಿಯ ಪಾಡು ಹೇಳತೀರದು ಎಂದು ಹೆದರಿಸಿದ್ದರು. ಆದರೆ ಚಳಿಗಾಲದ ಬೀದಿ ನನ್ನ ಪರವಾಗಿಯೇ ಇತ್ತು. ಡ್ರಮ್ಮಿನ ಒಲೆಯಲ್ಲಿ ಸುಟ್ಟ ಗೆಣಸು, ಸಕ್ಕರೆ ಹಾಕಿ ಮರಳಿನಲ್ಲಿ ಹುರಿದ ಚೆಸ್ಟ್‌ನಟ್, ಕಡ್ಡಿಗೆ ಪೋಣಿಸಿ ಸಕ್ಕರೆ ಪಾಕದಲ್ಲಿ ಅದ್ದಿದ ಹುಳಿಸಿಹಿ ಹಾಥಾರ್ನ್ ಹಣ್ಣುಗಳು. ಗೆಣಸಿನ ಸಿಪ್ಪೆ ಸುಲಿದಾಗ ಒಳಗಿನದು ಜೇನು ಬಣ್ಣದಲ್ಲಿ ಕರಗಿಹೋಗಿತ್ತು. "ಮಾವ, ಸಂಕ್ರಾಂತಿ ಇಲ್ಲಿ ಮುಂಗಡವಾಗಿ ಬಂತು," ಎಂದ ಅಳಿಯ. ಎಳ್ಳುಬೆಲ್ಲವೊಂದು ಕಡಿಮೆ. ಹಣ ಕೊಡಲು ಗೆಣಸಿನವನ ಕೊರಳಲ್ಲೇ ಕ್ಯೂಆರ್ ಹಲಗೆ ನೇತಾಡುತ್ತಿತ್ತು.

ಚಿಯೆನ್‌ಹೈ ಮುಗಿದು ಹೌಹೈ ಶುರುವಾಗುವ ಇಕ್ಕಟ್ಟಿನಲ್ಲಿ ಯಿನ್‌ಡಿಂಗ್ ಎಂಬ ಪುಟ್ಟ ಕಲ್ಲಿನ ಸೇತುವೆ. ಹಳೆಯದರ ಜಾಗದಲ್ಲಿ 1984ರಲ್ಲಿ ಹೊಸದಾಗಿ ಕಟ್ಟಿದ್ದು. ಇಲ್ಲಿ ನಿಂತರೆ ಹೌಹೈಯ ಉದ್ದಕ್ಕೂ ಕಣ್ಣು ಹಾಯ್ದು ಪಶ್ಚಿಮದ ಬೆಟ್ಟಗಳು ಕಾಣುತ್ತವೆ. ಶತಮಾನಗಳಿಂದ ಜನ ಇದಕ್ಕಾಗಿಯೇ ಬಂದು ನಿಲ್ಲುತ್ತಿದ್ದರು. ನಡುವೆ ಕೆರೆಯಾಚೆಯ ಆಸ್ಪತ್ರೆಯ ಎತ್ತರದ ಕಟ್ಟಡವೊಂದು ಆ ನೋಟಕ್ಕೆ ಅಡ್ಡವಾಗಿತ್ತು. ಈಚಿನ ವರ್ಷಗಳಲ್ಲಿ ಅದರ ಮೇಲಿನ ಮಹಡಿಗಳನ್ನು ಇಳಿಸಿದ್ದಾರೆ. ಸೇತುವೆಯೊಂದರಿಂದ ಬೆಟ್ಟ ಕಾಣಲೆಂದು ಕಟ್ಟಡದ ಮಹಡಿ ಇಳಿಸುವುದು! ನಾನು ಇದನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಬೆಟ್ಟಗಳೇನೋ ಕಂಡವು, ತೆಳು ನೇರಳೆ ಗೆರೆಯಾಗಿ. ಆದರೆ ಸೇತುವೆಯ ಮೇಲೆ ಸೆಲ್ಫಿಯವರ ನೂಕುನುಗ್ಗಲು, ಕೆಂಪು ಛಾವಣಿಯ ಸೈಕಲ್ ರಿಕ್ಷಾಗಳವರ ಕೂಗಾಟ. ಎರಡು ನಿಮಿಷ ನಿಲ್ಲುವುದೂ ಕಷ್ಟ.

ಹೌಹೈಯ ಉತ್ತರ ದಂಡೆಗೆ ತಿರುಗಿದ ಮೇಲೆ ಗದ್ದಲ ಹಿಂದೆ ಉಳಿಯಿತು. ಇಲ್ಲಿ ಓಣಿಗಳ ನಡೆಯನ್ನು ಗಮನಿಸಬೇಕು. ಬೀಜಿಂಗ್‌ನ ಹಳೆಯ ಓಣಿಗಳು ಪೂರ್ವ ಪಶ್ಚಿಮಕ್ಕೆ ದಾರ ಹಿಡಿದಂತೆ ನೇರ. ಚಳಿಗಾಲದ ಬಿಸಿಲು ಒಳಗೆ ಬರಲೆಂದು ಮನೆಗಳು ದಕ್ಷಿಣಕ್ಕೆ ಮುಖ ಮಾಡುತ್ತವೆ, ಹಾಗಾಗಿ ಓಣಿಗಳು ಅಡ್ಡಡ್ಡಲಾಗಿ ಸಾಗುತ್ತವೆ. ಕೆರೆಯ ಸುತ್ತ ಮಾತ್ರ ಈ ಶಿಸ್ತು ಸಡಿಲವಾಗುತ್ತದೆ. ಯಾರ್ ಹುಟಾಂಗ್ ಬಳುಕುತ್ತ ದಂಡೆಯ ಜೊತೆಗೇ ಹೋಗುತ್ತದೆ. ಯಾನ್‌ದೈ ಶಿಯೆಜಿಯೆ ಎಂಬ ಪೇಟೆ ಬೀದಿ ಓರೆಯಾಗಿ ಹಾಯುತ್ತದೆ. ಚಕ್ರವರ್ತಿಯ ಗೆರೆಗಳಿಗೆ ಬಗ್ಗಿದ ಊರು ನೀರಿನ ಬಳಿ ಬಂದಾಗ ನೀರು ಹೇಳಿದಂತೆ ಬಾಗಿದೆ. ಯುವಾನ್ ವಂಶದ ನಂತರ ಬಂದ ಮಿಂಗ್ ವಂಶದ ಕಾಲದಲ್ಲಿ ಅರಮನೆಯ ಆವರಣದ ಗೋಡೆ ವಿಸ್ತರಿಸಿ ಕಾಲುವೆಯನ್ನು ಒಳಕ್ಕೆ ಸೇರಿಸಿಕೊಂಡ ಮೇಲೆ ದೋಣಿಗಳು ಇಲ್ಲಿಗೆ ಬರುವುದು ನಿಂತಿತು. ಬಂದರು ಹೋಗಿ ನೋಟ ಉಳಿಯಿತು. ಆಮೇಲೆ ದಂಡೆಯ ಮೇಲೆ ದೇವಾಲಯ, ತೋಟ, ರಾಜಕುಮಾರರ ಮಹಲು.

ಅಂಥ ಒಂದು ಮಹಲಿನಲ್ಲೇ 1906ರಲ್ಲಿ ಪುಯಿ ಹುಟ್ಟಿದ್ದು. ಅವನ ತಂದೆ ಝೈಫೆಂಗ್ ಮಗನ ಹೆಸರಿನಲ್ಲಿ ಆಳ್ವಿಕೆ ನಡೆಸುತ್ತಿದ್ದ ಕಾಲದಲ್ಲಿ, 1910ರಲ್ಲಿ, ಅವನು ಅರಮನೆಗೆ ಹೋಗುವ ದಾರಿಯ ಇಲ್ಲಿಯದೇ ಪುಟ್ಟ ಸೇತುವೆಯಡಿ ವಾಂಗ್ ಜಿಂಗ್‌ವೇ ಎಂಬ ಯುವ ಕ್ರಾಂತಿಕಾರಿ ಬಾಂಬು ಹೂಳಿಸಿದ. ಬಾಂಬು ಮೊದಲೇ ಪತ್ತೆಯಾಯಿತು. ಅವನನ್ನು ಕೊಲ್ಲದೆ ಜೀವಾವಧಿ ಸೆರೆಗೆ ಹಾಕಿದರು. ಮರುವರ್ಷವೇ ಬಿಡುಗಡೆ, ದೇಶದ ಕಣ್ಣಲ್ಲಿ ವೀರ. ಮೂವತ್ತು ವರ್ಷದ ನಂತರ ಅದೇ ವಾಂಗ್ ನಾನ್‌ಜಿಂಗ್‌ನಲ್ಲಿ ಜಪಾನೀಯರ ಕೈಗೊಂಬೆ ಸರ್ಕಾರದ ಮುಖ್ಯಸ್ಥನಾದ. ಬಾಂಬು ಸಿಡಿದು ತಾನೂ ಅಂದೇ ಸತ್ತಿದ್ದರೆ ಹೆಸರಾದರೂ ಉಳಿಯುತ್ತಿತ್ತು. ಮಹಲಿನ ತೋಟದ ಭಾಗದಲ್ಲಿ 1963ರಿಂದ 1981ರಲ್ಲಿ ತೀರಿಕೊಳ್ಳುವವರೆಗೂ ಚೀನಾ ಗಣರಾಜ್ಯದ ಸ್ಥಾಪಕ ಸುನ್ ಯಾಟ್‌ಸೆನ್ ಅವರ ಪತ್ನಿ ಸೋಂಗ್ ಚಿಂಗ್‌ಲಿಂಗ್ ಇದ್ದರು. ನಾವು ತಲುಪಿದಾಗ ಬಾಗಿಲು ಹಾಕುವ ಹೊತ್ತು. ಒಳಗೆ ಹೋಗಲಿಲ್ಲ, ಅದರ ಕೊರಗೂ ಇಲ್ಲ. ಏಕೆಂದರೆ ಹೊರಗೆ ದಂಡೆಯಲ್ಲಿ ಅದಕ್ಕಿಂತ ದೊಡ್ಡ ಆಕರ್ಷಣೆ ಇತ್ತು.

ಮಂಜುಗಡ್ಡೆಯನ್ನು ಒಡೆದು ಮಾಡಿದ ಒಂದು ಕಪ್ಪು ನೀರಿನ ಕೊಳ. ಪಕ್ಕದಲ್ಲೇ ಈಜಬಾರದೆಂಬ ಫಲಕ. ಫಲಕದ ಕೆಳಗೆ ಮಡಚಿಟ್ಟ ಉಣ್ಣೆಯ ಚಲ್ಲಣಗಳು, ಬಿಸಿನೀರಿನ ಫ್ಲಾಸ್ಕುಗಳು. ನೀರಿನಲ್ಲಿ ನನ್ನ ವಯಸ್ಸಿನ, ನನಗಿಂತ ಹಿರಿಯ ಗಂಡಸರು. ಒಬ್ಬರು ನಿಧಾನವಾಗಿ ಮೆಟ್ಟಿಲಿಳಿದು, ಎದೆಗೆ ನೀರು ಚಿಮುಕಿಸಿಕೊಂಡು, ಆ ತುದಿಗೆ ಹೋಗಿ ಈ ತುದಿಗೆ ಬಂದು ಮೇಲೆದ್ದರು. ಮೈಯೆಲ್ಲ ಕೆಂಪು, ಹೊಗೆಯಾಡುತ್ತಿದೆ. ನಮ್ಮತ್ತ ನೋಡಿ ಏನೋ ಕೂಗಿದರು.

"ಏನಂತೆ?"

"ನೀವು ಯಾವ ದೇಶದವರು ಎಂದು ಕೇಳುತ್ತಿದ್ದಾರೆ. ಭಾರತವೆಂದೆ. ಹಾಗಾದರೆ ನೀರಿಗೆ ಇಳಿಯಲು ಹೇಳು, ಅವರಲ್ಲೂ ನದಿಯಲ್ಲಿ ಮೀಯುತ್ತಾರಲ್ಲ, ಎನ್ನುತ್ತಿದ್ದಾರೆ."

ಮಾಘಸ್ನಾನಕ್ಕೆ ಇನ್ನೂ ದಿನವಿದೆ ಎಂದು ಹೇಳಿಬಿಡು ಎಂದೆ. ಅದನ್ನು ಅಳಿಯ ಹೇಗೆ ಹೇಳಿದನೋ, ಅವರೆಲ್ಲ ಬಿದ್ದು ಬಿದ್ದು ನಕ್ಕರು. ತಲೆಯ ಮೇಲೆ ಪಾರಿವಾಳಗಳ ಹಿಂಡೊಂದು ಸುತ್ತುತ್ತಿತ್ತು. ಬಾಲಕ್ಕೆ ಕಟ್ಟಿದ ಬಿದಿರಿನ ಪೀಪಿಗಳಿಂದ ಗುಂಯ್ ಎಂಬ ಸ್ವರ ಬಂದು ಹೋಗುತ್ತಿತ್ತು. ಐದು ಗಂಟೆಗೆಲ್ಲ ಸೂರ್ಯ ಇಳಿದ. ಕೈಗವಸಿನೊಳಗೆ ಬೆರಳು ಮರಗಟ್ಟತೊಡಗಿದವು. ಮರಳುವಾಗ ದಂಡೆಯ ಬಾರುಗಳಲ್ಲಿ ದೀಪ ಹತ್ತಿ, ಪ್ರತಿಯೊಂದರಲ್ಲೂ ಒಬ್ಬೊಬ್ಬ ಹುಡುಗ ಗಿಟಾರ್ ಹಿಡಿದು ಪಕ್ಕದವನಿಗಿಂತ ಜೋರಾಗಿ ಹಾಡಲು ಪ್ರಯತ್ನಿಸುತ್ತಿದ್ದ. ಹಿಂದೆ ತಂಬಾಕು ಸೇದುವ ಕೊಳವೆಗಳನ್ನು ಮಾರುತ್ತಿದ್ದ ಓರೆ ಬೀದಿಯಲ್ಲಿ ಈಗ ಎಲ್ಲ ಊರುಗಳಲ್ಲೂ ಸಿಗುವ ಫ್ರಿಜ್ ಅಯಸ್ಕಾಂತಗಳು. ಬೇಗ ದಾಟಿದೆವು.

ಭಾನುವಾರ

ಬೆಳಗ್ಗೆ ರಾಜಕುಮಾರ ಗೋಂಗ್‌ನ ಮಹಲು. ಕೊಡೆ ಹಿಡಿದ ಗೈಡುಗಳು, ಅವರ ಹಿಂದೆ ಒಂದೇ ಬಣ್ಣದ ಟೊಪ್ಪಿಗಳು. ಇದನ್ನು ಕಟ್ಟಿಸಿದವನು ಹೇಷೆನ್, ಚಿಯೆನ್‌ಲಾಂಗ್ ಚಕ್ರವರ್ತಿಯ ಮೆಚ್ಚಿನ ಮಂತ್ರಿ, ಲಂಚದಲ್ಲಿ ಅವನನ್ನು ಮೀರಿಸಿದವರಿಲ್ಲ. 1799ರ ಫೆಬ್ರುವರಿಯಲ್ಲಿ ಚಿಯೆನ್‌ಲಾಂಗ್ ಸತ್ತ. ಅದೇ ತಿಂಗಳು ಮುಗಿಯುವ ಮೊದಲೇ ಹೊಸ ಚಕ್ರವರ್ತಿ ಹೇಷೆನ್‌ಗೆ ನೇಣಿಗೆಂದು ರೇಷ್ಮೆಯ ಪಟ್ಟಿ ಕಳಿಸಿದ. ಆರೋಪ ಪಟ್ಟಿಯಲ್ಲಿ ಅರಮನೆಯ ಸಭಾಂಗಣವನ್ನು ನಕಲು ಮಾಡಿ ಬೆಲೆಬಾಳುವ ನಾನ್‌ಮು ಮರದಲ್ಲಿ ಮನೆ ಕಟ್ಟಿಸಿದ್ದೂ ಒಂದು. ಆ ಅಂಕಣ ಇನ್ನೂ ಇದೆ. ಹಿಂಬದಿಯ 150 ಮೀಟರಿಗೂ ಉದ್ದದ ಎರಡು ಅಂತಸ್ತಿನ ಉಗ್ರಾಣ ಚೆನ್ನಾಗಿದೆ, ಒಂದು ಕಿಟಕಿಯಂತೆ ಇನ್ನೊಂದಿಲ್ಲ. ಉಳಿದಂತೆ ಜನರ ಬೆನ್ನು ನೋಡಿದ್ದೇ ಹೆಚ್ಚು.

ಶೀಹೈ ಮೂರು ಕೆರೆಗಳಲ್ಲಿ ವಾಯವ್ಯದ್ದು, ಬಾರುಗಳಿಲ್ಲದ್ದು. ಒಣಗಿದ ಜೊಂಡು ಮಂಜಿನಿಂದ ಮೇಲೆದ್ದು ನಿಂತಿತ್ತು. ಉತ್ತರ ತುದಿಯ ದಿಬ್ಬದ ಮೇಲೆ ಒಂದು ಹಳೆಯ ಗುಡಿಯ ಜಾಗವಿದೆ. ಮೆಟ್ರೊ ಕಾಮಗಾರಿಗಾಗಿ 1976ರಲ್ಲಿ ಅದನ್ನು ಕೆಡವಿ, 1988ರಲ್ಲಿ ಮತ್ತೆ ಕಟ್ಟಿ, ಗುವೊ ಶೌಜಿಂಗ್ ಸ್ಮಾರಕ ಭವನ ಮಾಡಿದ್ದಾರೆ. ನನಗೆ ಬೀಜಿಂಗ್‌ನಲ್ಲಿ ತೀರ್ಥಕ್ಷೇತ್ರವೆಂದಿದ್ದರೆ ಇದೇ.

ಗುವೊ (1231–1316) ಖಗೋಳ ಶಾಸ್ತ್ರಜ್ಞನೂ ಹೌದು. ಅವನೂ ಜೊತೆಗಾರರೂ ರೂಪಿಸಿ 1281ರಲ್ಲಿ ಜಾರಿಗೆ ಬಂದ ಪಂಚಾಂಗದಲ್ಲಿ ವರ್ಷಕ್ಕೆ 365.2425 ದಿನ, ಈಗ ಜಗತ್ತು ಬಳಸುವ ಗ್ರೆಗೋರಿಯನ್ ಕ್ಯಾಲೆಂಡರಿನ ಸರಾಸರಿಯೂ ಅಷ್ಟೇ. ಆದರೆ ನಾನು ನಿಂತುಬಿಟ್ಟಿದ್ದು ಕಾಲುವೆಯ ನಕ್ಷೆಯ ಮುಂದೆ. ನೀರಿನ ಮೂಲ ಬೈಫು ಎಂಬ ಚಿಲುಮೆ, ಊರಿನ ಉತ್ತರಕ್ಕಿದೆ. ಊರಿಗಿಂತ ಎತ್ತರದಲ್ಲಿದೆ, ನೇರ ದಕ್ಷಿಣಕ್ಕೆ ತೋಡಿದರೆ ಸಾಕಲ್ಲವೆ ಎಂದು ಯಾರಿಗೂ ಅನಿಸುತ್ತದೆ. ಆದರೆ ನಡುವೆ ಎರಡು ನದಿಗಳ ತಗ್ಗಿವೆ. ಅಲ್ಲಿಗಿಳಿದ ನೀರು ಮತ್ತೆ ಮೇಲೇರಲಾರದು. ಗುವೊ ನೀರನ್ನು ಮೊದಲು ಪಶ್ಚಿಮಕ್ಕೆ, ಅಂದರೆ ಊರಿನಿಂದ ದೂರಕ್ಕೆ, ಹರಿಸಿದ. ಬೆಟ್ಟದ ಬುಡವನ್ನು ಬಳಸಿ, ದಾರಿಯಲ್ಲಿ ಸಿಕ್ಕ ಚಿಲುಮೆಗಳನ್ನೆಲ್ಲ ಸೇರಿಸಿಕೊಂಡು, ಈಗಿನ ಬೇಸಿಗೆ ಅರಮನೆಯ ಕೆರೆಗೆ ತುಂಬಿಸಿ, ಅಲ್ಲಿಂದ ಇಲ್ಲಿಗೆ ಇಳಿಸಿದ. ಎಲ್ಲಿಯೂ ಇಳಿಜಾರು ಕೆಡಲಿಲ್ಲ. ಉಪಗ್ರಹವಿಲ್ಲ, ದೂರದರ್ಶಕವಿರುವ ಲೆವೆಲ್ ಯಂತ್ರವಿಲ್ಲ. 1960ರ ದಶಕದಲ್ಲಿ ಮಿಯುನ್ ಜಲಾಶಯದ ನೀರನ್ನು ನಗರಕ್ಕೆ ತರುವ ಕಾಲುವೆ ತೋಡಿದಾಗ ಈ ಭಾಗದಲ್ಲಿ ಬಹುತೇಕ ಅದೇ ದಾರಿ ಹಿಡಿದರು. ನಾನು ಆ ವಕ್ರ ಗೆರೆಯ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ನಿಂತೆ. ಅಳಿಯ ಎರಡು ಸಲ ಹೊರಗೆ ಹೋಗಿ ಬಂದ.

"ಮಾವ, ನಿಮಗೆ ಇಷ್ಟವಾಗುವ ಒಂದು ವಿಷಯವಿದೆ," ಎಂದು ಮೊಬೈಲಿನಲ್ಲಿ ಯುವಾನ್ ವಂಶದ ಇತಿಹಾಸ ತೆರೆದು ಅರ್ಥ ಹೇಳಿದ. ಈ ಕಾಲುವೆಯ ಕೆಲಸ ಶುರುವಾದ ದಿನ ಪ್ರಧಾನ ಮಂತ್ರಿಯಿಂದ ಹಿಡಿದು ಕೆಳಗಿನವರೆಲ್ಲ ಸ್ವತಃ ಬುಟ್ಟಿ, ಗುದ್ದಲಿ ಹಿಡಿದು ಬರಬೇಕೆಂದೂ, ಗುವೊ ಹೇಳಿದ ಮೇಲೆಯೇ ಕೆಲಸ ಆರಂಭಿಸಬೇಕೆಂದೂ ಕುಬ್ಲಾಯ್ ಅಪ್ಪಣೆ ಮಾಡಿದನಂತೆ. ಆಗ ಗುವೊಗೆ ಅರವತ್ತು ದಾಟಿತ್ತು, ಅಂದರೆ ನಮ್ಮಲ್ಲಿ ನಿವೃತ್ತಿಯಾಗಿ ಪಿಂಚಣಿಗೆ ಓಡಾಡುವ ವಯಸ್ಸು. ಇನ್ನೊಮ್ಮೆ ಓದಿಸಿದೆ. ಆ ಸಾಲಿನ ಚಿತ್ರವನ್ನೂ ಅಳಿಯನ ಕನ್ನಡ ಅರ್ಥವನ್ನೂ ನಮ್ಮ ನಿವೃತ್ತ ಎಂಜಿನಿಯರುಗಳ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಭಾರತದ ಸಿಮ್ ರೋಮಿಂಗ್‌ನಲ್ಲಿದ್ದುದರಿಂದ ಅದು ನಡೆಯುತ್ತಿತ್ತು.

ಜಿಶುಯಿತಾನ್ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿಯುವಾಗ ಮೊದಲ ಉತ್ತರ ಬಂತು. ಒಂದು ಕಾಲದಲ್ಲಿ ನನ್ನ ಮೇಲಧಿಕಾರಿಯಾಗಿದ್ದ ಹಿರಿಯರದು.

"ಮಂತ್ರಿಗಳು ಬುಟ್ಟಿ ಹೊತ್ತದ್ದು ಸಂತೋಷ. ಅಳತೆ ಪುಸ್ತಕ ಬರೆದವರು ಯಾರು?"